ಬೆರಳಿಗೆ ಶಾಯಿ, ಬೀದಿಯಲ್ಲಿ ಟ್ಯಾಂಕು: ಇರಾಕಿನ 2005ರ ಚುನಾವಣೆ

ನಿನ್ನೆ ಸಂಜೆ ಕಾರವಾರದ ಟ್ಯಾಗೋರ್ ಬೀಚಿನಲ್ಲಿ ನಮ್ಮ ಓದಿನ ಗುಂಪು ಕೂತಿತ್ತು. ಇರಾಕಿನ ಮಾತು ಬಂತು: ಬೇರೆ ದೇಶದ ಸೈನ್ಯ ಕೂತಿರುವಾಗ ನಡೆದ ಚುನಾವಣೆಯನ್ನು ನಿಜವಾದ ಚುನಾವಣೆ ಅನ್ನಬಹುದಾ ಅಂತ. "58 ಪರ್ಸೆಂಟ್ ಜನ ಓಟು ಹಾಕಿದಾರೆ ಮಾರಾಯ, ಇನ್ನೇನು ಬೇಕು?" ಅಂದ ಒಬ್ಬ. ಆಗ ನನಗೆ ಬಾಯಿ ಬರಲಿಲ್ಲ. ರಾತ್ರಿ ಕೂತು ಬರೆದದ್ದು ಇದು.

ಮೊದಲು ಆ ದಿನ. 2005ರ ಜನವರಿ 30, 275 ಸೀಟಿನ ತಾತ್ಕಾಲಿಕ ಸಂಸತ್ತಿಗೆ ಮತದಾನ. 2003ರಲ್ಲಿ ನುಗ್ಗಿದ ಅಮೆರಿಕದ ಆಳ್ವಿಕೆ ಕಾಗದದ ಮೇಲೆ 2004ರ ಜೂನ್‌ನಲ್ಲೇ ಮುಗಿದಿತ್ತು, ಆದರೆ ಅಮೆರಿಕದ ಸುಮಾರು ಒಂದೂವರೆ ಲಕ್ಷ ಸೈನಿಕರು ಅಲ್ಲೇ ಇದ್ದರು. ಇಡೀ ದೇಶವೇ ಒಂದು ಕ್ಷೇತ್ರ. ಜನ ಓಟು ಹಾಕಿದ್ದು ಪಟ್ಟಿಗೆ, ಮತ್ತು ಆ ಪಟ್ಟಿಗಳಲ್ಲಿದ್ದ ಎಷ್ಟೋ ಹೆಸರುಗಳನ್ನು ಕೊಲೆ ಬೆದರಿಕೆಯಿಂದಾಗಿ ಕೊನೆಯ ದಿನಗಳವರೆಗೂ ಮುಚ್ಚಿಟ್ಟಿದ್ದರು. ಅಂತರರಾಷ್ಟ್ರೀಯ ವೀಕ್ಷಕರ ತಂಡ ಕೂತಿದ್ದು ಜೋರ್ಡಾನಿನ ಅಮ್ಮಾನ್‌ನಲ್ಲಿ. ಅಂಕೋಲಾದ ಬೂತನ್ನು ಪಣಜಿಯಲ್ಲಿ ಕೂತು ನೋಡಿದ ಹಾಗೆ, ಅಲ್ವಾ? ಇನ್ನು ಆ 58 ಇಡೀ ದೇಶದ ಸರಾಸರಿ. ಸುನ್ನಿ ಮುಸ್ಲಿಮರಲ್ಲಿ ಬಹಳಷ್ಟು ಜನ ಈ ಓಟನ್ನು ಬಹಿಷ್ಕರಿಸಿದ್ದರು; ಅವರೇ ಜಾಸ್ತಿ ಇರುವ ಅನ್ಬರ್ ಪ್ರಾಂತ್ಯದಲ್ಲಿ ಓಟು ಹಾಕಿದವರು ಶೇ. 2ರಷ್ಟು ಮಾತ್ರ.

ಆದರೆ ನನ್ನ ಅನುಮಾನ ಎಣಿಕೆಯ ಮೇಲಲ್ಲ. ಓಟಿಗೆ ಮೊದಲೇ ಏನೇನು ತೀರ್ಮಾನ ಆಗಿತ್ತು ಎಂಬುದರ ಮೇಲೆ. ಯಾರೋ ನಿಮ್ಮ ಮನೆಗೆ ನುಗ್ಗಿ ಕೂತು, "ಇವತ್ತು ಬಂಗಡೆ ಸಾರಾ, ತಾರ್ಲೆ ಸಾರಾ, ಎಲ್ಲರೂ ಕೈ ಎತ್ತಿ" ಅಂತಾನೆ ಅಂದುಕೊಳ್ಳಿ. ಎಣಿಕೆಯಲ್ಲಿ ಮೋಸ ಇಲ್ಲ. ಅವನು ಯಾವಾಗ ಹೊರಡುವುದು ಎಂಬ ಪ್ರಶ್ನೆ ಮಾತ್ರ ಓಟಿಗೆ ಬರುವುದಿಲ್ಲ. ಇರಾಕಿನಲ್ಲಿ ಆಟದ ನಿಯಮ, ಅಂದರೆ ತಾತ್ಕಾಲಿಕ ಸಂವಿಧಾನ, ಬರೆದದ್ದು 2004ರ ಮಾರ್ಚ್‌ನಲ್ಲಿ, ಅಮೆರಿಕದ ಆಡಳಿತಗಾರ ಪಾಲ್ ಬ್ರೆಮರ್ ಇದ್ದಾಗ. ಸಹಿ ಹಾಕಿದ ಆಡಳಿತ ಮಂಡಳಿಯೂ ಅವರೇ ನೇಮಿಸಿದ್ದು. ಪ್ರಧಾನಿಯನ್ನು ಹೆಸರಿಸುವ ಅಧ್ಯಕ್ಷ ಮಂಡಳಿಯನ್ನು ಆರಿಸಲು ಮೂರನೇ ಎರಡು ಬಹುಮತ ಬೇಕು ಎಂಬುದು ಆ ನಿಯಮಗಳಲ್ಲೊಂದು. ಹಾಗಾಗಿ ಶಿಯಾ ಒಕ್ಕೂಟ 140 ಸೀಟು ಗೆದ್ದರೂ ಸರ್ಕಾರ ಆಗಲು ಏಪ್ರಿಲ್ ಕೊನೆ ಬಂತು.

ತೀರಾ ಕೆಟ್ಟ ಉದಾಹರಣೆ ಬೇಕಾದರೆ ಆಸ್ಟ್ರಿಯಾ ನೋಡಿ. 1938ರ ಮಾರ್ಚ್ 12ಕ್ಕೆ ಹಿಟ್ಲರನ ಸೈನ್ಯ ಒಳಗೆ ಬಂತು, ಜರ್ಮನಿಗೆ ಸೇರಿದ್ದು ಒಪ್ಪಿಗೆಯೇ ಎಂದು ಏಪ್ರಿಲ್ 10ಕ್ಕೆ ಜನಮತ. ಮತಪತ್ರದಲ್ಲಿ 'ಹೌದು' ಎಂಬುದಕ್ಕೆ ನಡುವೆ ದೊಡ್ಡ ವೃತ್ತ, 'ಇಲ್ಲ' ಎಂಬುದಕ್ಕೆ ಪಕ್ಕದಲ್ಲಿ ಪುಟ್ಟದೊಂದು. ಬಂದದ್ದು ಶೇ. 99.7. ಇಷ್ಟು ದೊಡ್ಡ ಅಂಕಿ ಕಂಡರೆ ನನಗಂತೂ ಖುಷಿಗಿಂತ ಭಯವೇ ಜಾಸ್ತಿ.

ಹಾಗಂತ "ಎಲ್ಲ ಸುಮ್ನೆ ನಾಟಕ" ಎಂದು ತಳ್ಳಿಹಾಕಬೇಡಿ. ಜಪಾನಿನಲ್ಲಿ 1946ರ ಏಪ್ರಿಲ್‌ನಲ್ಲಿ, ಅಮೆರಿಕದ ಸೈನ್ಯ ಕೂತಿರುವಾಗಲೇ, ಹೆಂಗಸರು ಮೊದಲ ಸಲ ಸಂಸತ್ತಿಗೆ ಓಟು ಹಾಕಿದರು, 39 ಮಂದಿ ಗೆದ್ದೂ ಬಂದರು. ಇರಾಕಿನಲ್ಲೂ ನೇರ ಚುನಾವಣೆ ಬೇಕೆಂದು ಹಟ ಹಿಡಿದದ್ದು ಅಮೆರಿಕ ಅಲ್ಲ, ಶಿಯಾ ಧರ್ಮಗುರು ಸಿಸ್ತಾನಿ. ಬ್ರೆಮರ್ ಯೋಚಿಸಿದ್ದು ಆಯ್ದ ಜನರ ಸಭೆಗಳ ಮೂಲಕ ಪ್ರತಿನಿಧಿಗಳನ್ನು ಆರಿಸುವುದನ್ನ. 2004ರ ಜನವರಿಯಲ್ಲಿ ಜನ ಬೀದಿಗೆ ಇಳಿದ ಮೇಲೆ ಆ ಯೋಜನೆ ನಿಲ್ಲಲಿಲ್ಲ. ಸೈನ್ಯದ ನೆರಳಿನ ಓಟನ್ನೂ ಜನ ತಮ್ಮ ಕಡೆಗೆ ಎಳೆದುಕೊಳ್ಳುತ್ತಾರೆ. ಈ ಭಾಗ ನಮ್ಮ ಗುಂಪಿನಲ್ಲಿ ಯಾರೂ ಓದಿರಲಿಲ್ಲ, ನಾನೂ ಸೇರಿ.

ಓಟು ಬಹಿಷ್ಕರಿಸಿದ ಸುನ್ನಿಗಳ ಲೆಕ್ಕವೂ ಇದೆ. ಜನವರಿಯಲ್ಲಿ ಆರಿಸಿದ ಸಂಸತ್ತೇ ಸಂವಿಧಾನ ಬರೆಯಬೇಕಿತ್ತು, ಅಲ್ಲಿ ಸುನ್ನಿಗಳು ಬೆರಳೆಣಿಕೆಯಷ್ಟು. ಆ ಸಂವಿಧಾನದ ಮೇಲಿನ ಅಕ್ಟೋಬರ್ 15ರ ಜನಮತಕ್ಕೆ ಅವರು ಗುಂಪುಗುಂಪಾಗಿ ಬಂದರು. ಮೂರು ಪ್ರಾಂತ್ಯಗಳಲ್ಲಿ ಮೂರನೇ ಎರಡರಷ್ಟು 'ಬೇಡ' ಬಿದ್ದರೆ ಸಂವಿಧಾನ ಬಿದ್ದುಹೋಗುತ್ತಿತ್ತು. ಅನ್ಬರ್, ಸಲಾಹುದ್ದೀನ್ ಎರಡೂ ಆ ಗಡಿ ದಾಟಿದವು. ಮೂರನೆಯದು ನಿನೆವೆ, ಅಲ್ಲಿ 'ಬೇಡ' ಸುಮಾರು ಶೇ. 55ಕ್ಕೆ ನಿಂತಿತು.