ಪೊಂಪೇಯಿಯ ‘ಲಕ್ಷ್ಮಿ’ಗೆ ಯಾವ ಕೋಣೆ?

ಇಟಲಿಯ ನೇಪಲ್ಸ್ ಪುರಾತತ್ವ ಮ್ಯೂಸಿಯಂನಲ್ಲಿ ದಂತದ ಒಂದು ಗೊಂಬೆ ಇದೆ. ಎತ್ತರ ಸುಮಾರು 25 ಸೆಂಟಿಮೀಟರ್, ಒಂದು ಗೇಣಿಗಿಂತ ಸ್ವಲ್ಪ ಜಾಸ್ತಿ. ಪೊಂಪೇಯಿ ನಗರದ ಬೂದಿಯಡಿ ಸಿಕ್ಕಿದ್ದು, ಆದರೆ ಮಾಡಿದ್ದು ಭಾರತದಲ್ಲಿ. ಇದರ ಫೋಟೊ ಯಾರಾದರೂ ಹಂಚಿಕೊಂಡರೆ ಸಾಕು, ಚರ್ಚೆ ಶುರು. ಇದು ಲಕ್ಷ್ಮಿ ಅಂತ ಒಬ್ಬರು, ಅಲ್ಲ ಯಕ್ಷಿ ಅಂತ ಇನ್ನೊಬ್ಬರು. ಇಂಥ ಗೊಂಬೆಯನ್ನು ಮ್ಯೂಸಿಯಂನ ‘ರಹಸ್ಯ ಕೋಣೆ’ಯಲ್ಲಿ ಯಾಕೆ ಇಟ್ಟಿದ್ದಾರೆ ಅನ್ನುವುದು ಮೂರನೆಯ ಜಗಳ. ಮೂರೂ ಒಂದಕ್ಕೊಂದು ಗಂಟು ಹಾಕಿಕೊಂಡಿವೆ. ಬಿಡಿಸಬೇಕಾದರೆ ಸ್ವಲ್ಪ ಹಿಂದಕ್ಕೆ ಹೋಗಬೇಕು.

ಕ್ರಿ.ಶ. 79ರಲ್ಲಿ ವೆಸೂವಿಯಸ್ ಜ್ವಾಲಾಮುಖಿ ಸಿಡಿದು ಪೊಂಪೇಯಿ ಮುಚ್ಚಿಹೋಯಿತು. 1748ರಲ್ಲಿ ಅಗೆತ ಶುರುವಾಯಿತು, ಸಿಕ್ಕ ಒಳ್ಳೆಯ ವಸ್ತುಗಳೆಲ್ಲ ನೇಪಲ್ಸ್ ದೊರೆಗಳ ಸಂಗ್ರಹಕ್ಕೆ ಸೇರಿದವು. ಆಗ ಅಗೆಯುತ್ತಿದ್ದವರಿಗೆ ಬೇಕಾಗಿದ್ದು ಚಂದದ ವಸ್ತು. ಗೋಡೆಯ ಚಿತ್ರ ಇಷ್ಟವಾದರೆ ಅಷ್ಟು ಭಾಗವನ್ನೇ ಕತ್ತರಿಸಿ ಚೌಕಟ್ಟು ಹಾಕಿದರು. ಯಾವ ಮನೆ, ಯಾವ ಕೋಣೆ ಎಂದು ಎಲ್ಲ ಸಲ ಬರೆದಿಡಲಿಲ್ಲ. ಇವತ್ತು ಮ್ಯೂಸಿಯಂ ವಸ್ತುಗಳನ್ನು ನೋಡಿಕೊಳ್ಳುವ ಕ್ಯುರೇಟರ್‌ಗಳಿಗೆ ದೊಡ್ಡ ತಲೆನೋವು ಇದೇ. ದೀಪ ಕೈಯಲ್ಲಿದೆ, ಅದು ಯಾರ ಮನೆಯಲ್ಲಿ ಉರಿಯುತ್ತಿತ್ತೋ ಗೊತ್ತಿಲ್ಲ.

1860ರ ದಶಕದಲ್ಲಿ ಜುಸೆಪ್ಪೆ ಫಿಯೊರೆಲ್ಲಿ ಉತ್ಖನನದ ಹೊಣೆ ಹೊತ್ತರು. ಬೂದಿಯೊಳಗಿನ ಟೊಳ್ಳುಗಳಿಗೆ ಪ್ಲಾಸ್ಟರ್ ಸುರಿದು, ಸತ್ತವರ ಅಚ್ಚು ತೆಗೆದವರು ಎಂದೇ ಅವರ ಹೆಸರು ಪ್ರಸಿದ್ಧ. ನನಗೆ ಮಾತ್ರ ಅವರ ಇನ್ನೊಂದು ಕೆಲಸವೇ ದೊಡ್ಡದು ಅನಿಸುತ್ತದೆ. ಇಡೀ ಊರನ್ನು ಒಂಬತ್ತು ವಾರ್ಡು ಮಾಡಿ, ಪ್ರತಿ ವಾರ್ಡಿನ ಮನೆಸಾಲುಗಳಿಗೆ, ಪ್ರತಿ ಬಾಗಿಲಿಗೆ ನಂಬರ್ ಕೊಟ್ಟರು. ಮೂರು ಅಂಕಿ ಹೇಳಿದರೆ ಮನೆ ಸಿಗುತ್ತದೆ. ಅಲ್ಲಿಂದಾಚೆಗೆ ಸಿಕ್ಕ ವಸ್ತುಗಳಿಗೆ ಒಂದು ವಿಳಾಸ ಬಂತು.

ರಹಸ್ಯ ಕೋಣೆಯದು ಬೇರೆಯೇ ಕಥೆ. 1819ರಲ್ಲಿ ನೇಪಲ್ಸ್‌ನ ಯುವರಾಜ ಫ್ರಾನ್ಸಿಸ್ ಹೆಂಡತಿ ಮಗಳ ಜೊತೆ ಮ್ಯೂಸಿಯಂ ನೋಡಲು ಬಂದ. ಅಲ್ಲಿದ್ದ ಕೆಲವು ವಸ್ತುಗಳನ್ನು ಕಂಡು ಮುಜುಗರಪಟ್ಟು, ಇವನ್ನೆಲ್ಲ ಬೇರೆ ಕೋಣೆಯಲ್ಲಿಟ್ಟು ಬೀಗ ಹಾಕಿ ಎಂದ. ಪ್ರಬುದ್ಧ ವಯಸ್ಸಿನ, ಒಳ್ಳೆಯ ನಡತೆಯ ಜನರಿಗೆ ಮಾತ್ರ ಪ್ರವೇಶ. 1849ರಲ್ಲಿ ಬಾಗಿಲೇ ಬಂದ್ ಆಯಿತು. 1860ರಲ್ಲಿ ಇಟಲಿಯ ಏಕೀಕರಣಕ್ಕೆ ಹೋರಾಡಿದ ಗ್ಯಾರಿಬಾಲ್ಡಿ ತೆರೆಸಿದ. ಆಮೇಲೆ ಮತ್ತೆ ಮುಚ್ಚುವುದು, ತೆರೆಯುವುದು. ಎಲ್ಲರಿಗೂ ಅಂತ ತೆರೆದದ್ದು 2000ದಲ್ಲಿ. 14 ವರ್ಷದೊಳಗಿನ ಮಕ್ಕಳ ಜೊತೆ ದೊಡ್ಡವರು ಇರಬೇಕು ಎನ್ನುವ ನಿಯಮ ಆಗಲೂ ಉಳಿಯಿತು.

ಅಲ್ಲಿ ಇರುವುದಾದರೂ ಏನು? ಪ್ರಣಯದ ಚಿತ್ರಗಳು ಇವೆ, ನಿಜ. ಜೊತೆಗೆ ಪುರುಷ ಜನನಾಂಗದ ಆಕಾರದ ಗಂಟೆಗಳೂ ತಾಯಿತಗಳೂ ಇವೆ. ರೋಮನ್ನರು ಇವನ್ನು ಕೆಟ್ಟ ದೃಷ್ಟಿ ತಾಗದಿರಲಿ ಅಂತ ಮನೆ, ಅಂಗಡಿಗಳಲ್ಲಿ ನೇತು ಹಾಕುತ್ತಿದ್ದರು. ನಮ್ಮ ಅಂಗಡಿ ಬಾಗಿಲಿನಲ್ಲಿ ನಿಂಬೆಹಣ್ಣು, ಮೆಣಸಿನಕಾಯಿ ಕಟ್ಟುವುದಿಲ್ವಾ, ಹಾಗೆ. ಮನೆಯವರೆಲ್ಲ ದಿನಾ ನೋಡುತ್ತಿದ್ದ ವಸ್ತು, ಸ್ಥಳ ಬದಲಾಯಿಸಿದ ಕೂಡಲೇ ಅಶ್ಲೀಲವಾಯಿತು.

ಇನ್ನು ನಮ್ಮ ಗೊಂಬೆ. 1938ರಲ್ಲಿ, ಅಮೆದೆಯೊ ಮಯೂರಿ ಅವರು ಪೊಂಪೇಯಿಯ ಮುಖ್ಯಸ್ಥರಾಗಿದ್ದಾಗ ಇದು ಸಿಕ್ಕಿತು. ಸಿಕ್ಕ ಜಾಗ ಅಂತ ಬಹಳ ಕಡೆ ಪಕ್ಕದ ‘ನಾಲ್ಕು ಶೈಲಿಗಳ ಮನೆ’ಯ ಹೆಸರು ಬರೆಯುತ್ತಾರೆ. ಆದರೆ ಫಿಯೊರೆಲ್ಲಿ ಲೆಕ್ಕದಲ್ಲಿ ಗೊಂಬೆ ಸಿಕ್ಕ ಮನೆಯ ವಿಳಾಸ ಒಂದನೇ ವಾರ್ಡು, ಎಂಟನೇ ಸಾಲು, ಐದನೇ ಬಾಗಿಲು. ಆ ಮನೆಗೆ ಈಗ ‘ಭಾರತದ ಗೊಂಬೆಯ ಮನೆ’ ಎಂದೇ ಹೆಸರು.

ಹತ್ತಿರದಿಂದ ನೋಡಿದರೆ ಮೊದಲು ಕಣ್ಣಿಗೆ ಬೀಳುವುದು ಒಡವೆ. ಸೊಂಟಕ್ಕೆ ಡಾಬು, ಕೊರಳು ತುಂಬ ಹಾರ. ಮುಂಗೈ ಉದ್ದಕ್ಕೂ ಬಳೆಗಳು, ಥೇಟ್ ಲಂಬಾಣಿ ಹೆಂಗಸರ ಹಾಗೆ. ಕಾಲಿಗೂ ಮೀನಖಂಡದವರೆಗೆ ಕಡಗ. ಒಂದು ಕಾಲನ್ನು ಇನ್ನೊಂದರ ಮೇಲೆ ಅಡ್ಡ ಇಟ್ಟು ನಿಂತಿದ್ದಾಳೆ. ಎರಡೂ ಪಕ್ಕದಲ್ಲಿ ಅಲಂಕಾರದ ಡಬ್ಬಿ ಹಿಡಿದ ಪುಟ್ಟ ಸಖಿಯರು. ನೆತ್ತಿಯಲ್ಲಿ ಒಂದು ತೂತು. ಪೀಠದಲ್ಲಿ ವಾಯವ್ಯ ಭಾರತದ ಹಳೆಯ ಲಿಪಿಯಾದ ಖರೋಷ್ಠಿಯ ಒಂದೇ ಒಂದು ಅಕ್ಷರ, ‘ಶಿ’.

ಮೊದಲು ಇವಳಿಗೆ ಕೊಟ್ಟ ಹೆಸರು ಲಕ್ಷ್ಮಿ. ಭಾರತದ ದೇವತೆ ಅಂದಾಗ ಯುರೋಪಿನವರಿಗೆ ಸುಲಭವಾಗಿ ಹೊಳೆಯುವ ಹೆಸರು ಅದು. ಕಲಾ ಇತಿಹಾಸಕಾರರು ಆಮೇಲೆ ಆಕ್ಷೇಪ ಎತ್ತಿದರು. ಕೈಯಲ್ಲಿ ತಾವರೆ ಇಲ್ಲ, ನೀರೆರೆಯುವ ಆನೆಗಳಿಲ್ಲ. ಇವಳು ಸಾಂಚಿಯ ತೋರಣದಲ್ಲಿ ಕಾಣುವ ಯಕ್ಷಿಯರ ಸಾಲಿನವಳು ಎಂದರು. ನೆತ್ತಿಯ ತೂತನ್ನು ನೋಡಿ ಕೆಲವರು ಇದು ಕನ್ನಡಿಯ ಹಿಡಿ ಎಂದರು, ಕೆಲವರು ಪುಟ್ಟ ಮೇಜಿನ ಕಾಲು ಎಂದರು. ಅಕ್ಷರ ಖರೋಷ್ಠಿ ಆದ್ದರಿಂದ ವಾಯವ್ಯ ಭಾರತದ್ದು ಇರಬಹುದು ಎನ್ನುವ ವಾದವೂ ಬಂತು.

ತಿರುವು ಕೊಟ್ಟದ್ದು ದಖ್ಖನ್. ಮಹಾರಾಷ್ಟ್ರದ ಭೋಕರದನ್‌ನಲ್ಲಿ 1973ರಲ್ಲಿ ಅಗೆದಾಗ ಇದೇ ಮಾದರಿಯ ದಂತದ ತುಣುಕು ಸಿಕ್ಕಿತು. ತೇರ್ ಎಂಬ ಊರಿನ ಮ್ಯೂಸಿಯಂನಲ್ಲೂ ಇವಳನ್ನೇ ಹೋಲುವ ಇನ್ನೊಂದು ಗೊಂಬೆ ಇದೆ. ಆ ತೇರ್ ಅಂದರೆ ಗ್ರೀಕ್ ನಾವಿಕರು ಬರೆದಿಟ್ಟ ತಗರ. ನಮ್ಮ ಶಾಸನ ಓದುವವರಿಗೆ ಶಿಲಾಹಾರ ರಾಜರ ‘ತಗರಪುರವರಾಧೀಶ್ವರ’ ಬಿರುದಿನಿಂದ ಪರಿಚಯದ ಹೆಸರು. ಅಲ್ಲಿಂದ ಗಾಡಿಯಲ್ಲಿ ಸರಕು ಭರೂಚ್ ಬಂದರಿಗೆ ಹೋಗುತ್ತಿತ್ತು, ಅಲ್ಲಿಂದ ಹಡಗು. ಈ ಕಡೆಗೆ ಬರುತ್ತಿದ್ದದ್ದು ರೋಮಿನ ಬೆಳ್ಳಿ, ಚಿನ್ನ. ಚಿತ್ರದುರ್ಗದ ಚಂದ್ರವಳ್ಳಿಯಲ್ಲಿ ಟೈಬೀರಿಯಸ್ ಚಕ್ರವರ್ತಿಯ ಬೆಳ್ಳಿ ನಾಣ್ಯ ಸಿಕ್ಕಿದ್ದು ಇದೇ ವ್ಯಾಪಾರದ ಕುರುಹು. ವರ್ಷಕ್ಕೆ ಐದು ಕೋಟಿ ಸೆಸ್ಟರ್ಸ್ (ರೋಮಿನ ನಾಣ್ಯ) ಭಾರತಕ್ಕೆ ಹರಿದುಹೋಗುತ್ತಿದೆ ಎಂದು ಬರೆದ ರೋಮನ್ ಲೇಖಕ ಪ್ಲಿನಿ ಸತ್ತದ್ದು ವೆಸೂವಿಯಸ್‌ನ ಅದೇ ಸಿಡಿತದಲ್ಲಿ.

ಇಷ್ಟೆಲ್ಲ ಗೊತ್ತಾದ ಮೇಲೂ ಗೊಂಬೆ ರಹಸ್ಯ ಕೋಣೆಗೆ ಸೇರಿತ್ತು. ಯಾಕೆ? ಮೈಮೇಲೆ ಬಟ್ಟೆ ಇಲ್ಲ ಎನ್ನುವುದು ಬಿಟ್ಟರೆ ನನಗೆ ಬೇರೆ ಕಾರಣ ಕಾಣುವುದಿಲ್ಲ. ಬೇಲೂರಿಗೆ ಶಾಲಾ ಪ್ರವಾಸ ಹೋದ ಮಕ್ಕಳು ದರ್ಪಣ ಸುಂದರಿಯನ್ನು ತಲೆಯೆತ್ತಿ ನೋಡಿ ಬರುತ್ತಾರೆ, ಅಲ್ವಾ? ಇವಳು ಅವಳಿಗಿಂತ ಸಾವಿರ ವರ್ಷ ಹಿರಿಯಳು. ಕನ್ನಡಿಯ ಹಿಡಿ ಎನ್ನುವ ಊಹೆ ನಿಜವಾದರೆ ಕೆಲಸವೂ ಹತ್ತಿರದ್ದೇ.

ಕ್ಯುರೇಟರ್‌ಗಳ ಕಷ್ಟವನ್ನೂ ಹೇಳಬೇಕು. ದಂತ ತುಂಬ ನಾಜೂಕು. ಗಾಳಿಯ ತೇವ ಏರಿಳಿದರೆ ಸೀಳು ಬಿಡುತ್ತದೆ, ಆದ್ದರಿಂದ ಸಿಕ್ಕಸಿಕ್ಕಲ್ಲಿ ಇಡುವ ಹಾಗಿಲ್ಲ. ಪೊಂಪೇಯಿಯಲ್ಲೇ ಇದ್ದ ಹಳೆಯ ಮ್ಯೂಸಿಯಂ 1943ರ ಬಾಂಬ್ ದಾಳಿಯಲ್ಲಿ ಹಾಳಾಗಿತ್ತು. ಆಮೇಲೆ ತೆರೆಯುವುದು, ಮುಚ್ಚುವುದು ನಡೆದು, ಅದು ಪೂರ್ಣವಾಗಿ ಮತ್ತೆ ತೆರೆದದ್ದು 2021ರಲ್ಲಿ. ಈಗ ಅಗೆದಲ್ಲೇ ವಸ್ತುಗಳನ್ನು ತೋರಿಸಲು ಒಂದು ಜಾಗ ಇದೆ. ಹಳೆಯವು ಮಾತ್ರ ನೇಪಲ್ಸ್‌ನಲ್ಲಿ, ಹಳೆಯ ವಿಂಗಡಣೆಯ ನೆರಳಲ್ಲೇ ಇವೆ.

ಆದರೆ ಈ ಗೊಂಬೆಯ ಬೆಲೆ ಇರುವುದು ಅವಳ ಮೈಯಲ್ಲಲ್ಲ, ವಿಳಾಸದಲ್ಲಿ. ಭಾರತದಲ್ಲಿ ಸಿಕ್ಕ ಹಳೆಯ ದಂತದ ಕೆಲಸಗಳಿಗೆ ಕಾಲ ನಿಗದಿ ಮಾಡುವುದು ಬಹಳ ಕಷ್ಟ. ಇವಳೊಬ್ಬಳ ವಿಷಯದಲ್ಲಿ ಅನುಮಾನಕ್ಕೆ ಜಾಗ ಇಲ್ಲ, 79ಕ್ಕಿಂತ ಮುಂಚಿನವಳು. ತೇರ್‌ನ ಗೊಂಬೆಗೆ ವಯಸ್ಸು ಹೇಳುವಾಗ ಇಲ್ಲಿಯ ವಿದ್ವಾಂಸರು ಬೊಟ್ಟು ಮಾಡುವುದು ಒಂದನೇ ವಾರ್ಡು, ಎಂಟನೇ ಸಾಲು, ಐದನೇ ಬಾಗಿಲಿನ ಬೂದಿಯ ಕಡೆಗೆ.