ಐತಿಹ್ಯ: ‘ಅಂತೆ’ ಕಳಚಿದ್ದು ಎಲ್ಲಿ?

‘ರೋಮ್ ಹೊತ್ತಿ ಉರಿಯುವಾಗ ನೀರೋ ಪಿಟೀಲು ಬಾರಿಸುತ್ತಿದ್ದನಂತೆ.’ ಈ ಮಾತಿನ ತೂಕವೆಲ್ಲ ಕೊನೆಯ ‘ಅಂತೆ’ಯಲ್ಲಿದೆ. ಅದನ್ನು ಸೇರಿಸಿದವರು ‘ಇದು ನಾನು ಕಂಡದ್ದಲ್ಲ, ಯಾರೋ ಹೇಳಿ ಕೇಳಿದ್ದು’ ಎಂದು ಒಪ್ಪಿಕೊಂಡಿರುತ್ತಾರೆ. ತೆಗೆದುಹಾಕಿ ‘ಬಾರಿಸುತ್ತಿದ್ದ’ ಎಂದವರು ಆ ಮಾತಿನ ಹೊಣೆ ಹೊತ್ತರು. ಜಗತ್ತಿನ ಇತಿಹಾಸದ ಬಗ್ಗೆ ಜನ ಕುತೂಹಲದಿಂದ ಕೇಳುವ ‘ಇದು ನಿಜವೇ?’ ಎಂಬ ಪ್ರಶ್ನೆಗಳಲ್ಲಿ ಬಹುಪಾಲು ಈ ಎರಡು ವಾಕ್ಯಗಳ ನಡುವಿನ ಸಂದಿಯಲ್ಲೇ ಹುಟ್ಟುತ್ತವೆ. ‘ಅಂತೆ’ ಹೊತ್ತು ಸಾಗುವ ಇಂಥ ಮಾತಿಗೆ ಹಳೆಯ, ಖಚಿತವಾದ ಹೆಸರೊಂದಿದೆ: ಐತಿಹ್ಯ.

‘ಇತಿ’ ಎಂದರೆ ಹೀಗೆ. ‘ಹ’ ಒತ್ತು ಕೊಡುವ ಅವ್ಯಯ. ಎರಡೂ ಸೇರಿದ ‘ಇತಿಹ’ ಎಂಬುದು ಪರಂಪರೆಯಿಂದ ಕೇಳಿಬಂದ ಮಾತನ್ನು ಸೂಚಿಸುತ್ತದೆ. ಅದರಿಂದ ಬಂದದ್ದು ಐತಿಹ್ಯ. ಅಮರಕೋಶ ಇದಕ್ಕೆ ‘ಪಾರಂಪರ್ಯೋಪದೇಶ’ ಎಂಬ ಅರ್ಥ ಕೊಡುತ್ತದೆ. ‘ಇತಿಹಾಸ’ವೂ ಇದೇ ಬೇರಿನದು: ಇತಿ, ಹ, ಆಸ, ‘ಹೀಗೇ ಇತ್ತು’. ಒಂದೇ ಬೇರಿನ ಎರಡು ಪದಗಳಲ್ಲಿ ಒಂದು ‘ಇತ್ತು’ ಎನ್ನುತ್ತದೆ, ಇನ್ನೊಂದು ‘ಇತ್ತಂತೆ’ ಎನ್ನುತ್ತದೆ. ಇಂದಿನ ಕನ್ನಡ ಜಾನಪದ ಅಧ್ಯಯನದಲ್ಲಿ ನಿರ್ದಿಷ್ಟ ಸ್ಥಳಕ್ಕೋ ವ್ಯಕ್ತಿಗೋ ಅಂಟಿಕೊಂಡ, ನಡೆದದ್ದೆಂದು ಜನ ನಂಬುವ ಕಥೆಯನ್ನು ಐತಿಹ್ಯ ಎನ್ನುತ್ತಾರೆ. ಆದರೆ ಪದದ ನಿಜವಾದ ಹರಿತ ಇರುವುದು ನ್ಯಾಯಶಾಸ್ತ್ರದಲ್ಲಿ, ಎಂದರೆ ಭಾರತದ ಹಳೆಯ ತರ್ಕಶಾಸ್ತ್ರದಲ್ಲಿ.

ನ್ಯಾಯಸೂತ್ರಗಳಿಗೆ ಭಾಷ್ಯ ಬರೆದ ವಾತ್ಸ್ಯಾಯನ ಐತಿಹ್ಯವನ್ನು ‘ಅನಿರ್ದಿಷ್ಟಪ್ರವಕ್ತೃಕಂ ಪ್ರವಾದಪಾರಂಪರ್ಯಮ್’ ಎನ್ನುತ್ತಾನೆ. ಎಂದರೆ, ಮೊದಲು ಹೇಳಿದವರು ಯಾರೆಂದು ಗೊತ್ತಿಲ್ಲದ, ಬಾಯಿಂದ ಬಾಯಿಗೆ ಸಾಗಿಬಂದ ಮಾತಿನ ಸರಪಳಿ. ವಾಚಸ್ಪತಿ ಮಿಶ್ರ ಸಾಂಖ್ಯ ದರ್ಶನದ ಗ್ರಂಥವಾದ ಸಾಂಖ್ಯಕಾರಿಕೆಯ ವ್ಯಾಖ್ಯಾನದಲ್ಲಿ ಕೊಡುವ ಉದಾಹರಣೆ ‘ಈ ಆಲದ ಮರದಲ್ಲಿ ಯಕ್ಷನಿದ್ದಾನೆ’. ಇದು ಸುಳ್ಳು ಎಂದು ಆತ ಹೇಳುವುದಿಲ್ಲ. ಹೇಳಿದವರು ಯಾರೆಂದು ತಿಳಿಯದ ಕಾರಣ ಇದು ಸಂಶಯಾಸ್ಪದ ಎನ್ನುತ್ತಾನೆ. ಹೇಳಿದವರು ಆಪ್ತರು ಎಂದು ಖಚಿತವಾದರೆ ಅದು ಐತಿಹ್ಯವಾಗಿ ಉಳಿಯುವುದಿಲ್ಲ, ಶಬ್ದಪ್ರಮಾಣಕ್ಕೆ, ಎಂದರೆ ಆಧಾರವೆಂದು ಒಪ್ಪಬಹುದಾದ ಮಾತಿಗೆ ಸೇರುತ್ತದೆ. ‘ಆಪ್ತ’ ಎಂದರೆ ಇಲ್ಲಿ ಬೇಕಾದವರು, ಹತ್ತಿರದವರು ಎಂಬ ಅರ್ಥವಲ್ಲ. ವಿಷಯವನ್ನು ನೇರವಾಗಿ ಅರಿತವರು ಮತ್ತು ಅರಿತದ್ದನ್ನು ಹಾಗೆಯೇ ತಿಳಿಸುವ ಇಚ್ಛೆಯಿಂದ ಹೇಳುವವರು. ಋಷಿ, ಆರ್ಯ, ಮ್ಲೇಚ್ಛ ಎಲ್ಲರಿಗೂ ಈ ಲಕ್ಷಣ ಒಂದೇ ಎಂದೂ ವಾತ್ಸ್ಯಾಯನ ಸೇರಿಸುತ್ತಾನೆ. ಜಗತ್ತಿನ ಯಾವ ಮೂಲೆಯ ಕಥೆಯ ಮೇಲೂ ಈ ಒರೆಗಲ್ಲನ್ನು ಬಳಸಬಹುದು.

ನೀರೋನಿಂದಲೇ ಶುರುಮಾಡೋಣ. ಬೆಂಕಿ ಬಿದ್ದದ್ದು ಕ್ರಿ.ಶ. 64ರ ಜುಲೈಯಲ್ಲಿ. ನಮಗೆ ಉಳಿದಿರುವ ಮುಖ್ಯ ಬರಹಗಳು ಮೂರು. ರೋಮನ್ ಇತಿಹಾಸಕಾರ ಟ್ಯಾಸಿಟಸ್ ಆಗ ಸುಮಾರು ಎಂಟು ವರ್ಷದ ಹುಡುಗ. ಬರೆದದ್ದು ಅರ್ಧ ಶತಮಾನ ಕಳೆದ ಮೇಲೆ. ಆತನ ಪ್ರಕಾರ ಬೆಂಕಿ ಹೊತ್ತಿದಾಗ ನೀರೋ ರೋಮಿನಲ್ಲಿ ಇರಲೇ ಇಲ್ಲ, ಆಂಟಿಯಮ್‌ನಲ್ಲಿದ್ದ. ಮರಳಿ ಬಂದವನು ಮನೆ ಕಳೆದುಕೊಂಡವರಿಗೆ ತನ್ನ ಉದ್ಯಾನಗಳನ್ನು ತೆರೆದುಕೊಟ್ಟ, ಧಾನ್ಯದ ಬೆಲೆ ಇಳಿಸಿದ. ಆದರೂ ಇದರಿಂದ ಜನರ ಮನ ಗೆಲ್ಲಲಾಗಲಿಲ್ಲ. ಕಾರಣ, ನಗರ ಉರಿಯುತ್ತಿದ್ದಾಗಲೇ ತನ್ನ ಖಾಸಗಿ ರಂಗದ ಮೇಲೆ ನಿಂತು ಟ್ರಾಯ್ ನಗರದ ನಾಶವನ್ನು ಹಾಡಿದ ಎಂಬ ವದಂತಿ ಹಬ್ಬಿತ್ತು ಎನ್ನುತ್ತಾನೆ ಟ್ಯಾಸಿಟಸ್. ‘ವದಂತಿ’ ಎಂಬ ಮಾತು ಆತನದೇ. ಇಲ್ಲಿ ‘ಅಂತೆ’ ಇನ್ನೂ ಜಾಗದಲ್ಲೇ ಇದೆ.

ಹೆಚ್ಚುಕಡಿಮೆ ಅದೇ ಕಾಲದ ಸ್ವೆಟೋನಿಯಸ್ ಬರಹದಲ್ಲಿ ಅದು ಕಳಚಿಬಿದ್ದಿದೆ. ನೀರೋ ಮೆಸೀನಸ್‌ನ ಗೋಪುರದಿಂದ ಬೆಂಕಿ ನೋಡುತ್ತ, ನಾಟಕದ ವೇಷದಲ್ಲಿ ಹಾಡಿದ ಎಂದು ಆತ ನೇರವಾಗಿ ಬರೆಯುತ್ತಾನೆ. ಮೂರನೇ ಶತಮಾನದ ಕ್ಯಾಸಿಯಸ್ ಡಿಯೋನಲ್ಲಿ ಗೋಪುರ ಹೋಗಿ ಅರಮನೆಯ ಚಾವಣಿ ಬಂದಿದೆ. ಒಂದೇ ಘಟನೆಗೆ ಮೂರು ಜಾಗ! ಕಂಡವರೊಬ್ಬರಿಂದ ಇಳಿದುಬಂದ ಮಾತಾಗಿದ್ದರೆ ಜಾಗ ಇಷ್ಟು ಅಲುಗಾಡಬೇಕಿರಲಿಲ್ಲ. ಇನ್ನು ಪಿಟೀಲು: ಕಮಾನಿನಿಂದ ನುಡಿಸುವ ವಾದ್ಯಗಳು ಯೂರೋಪಿನಲ್ಲಿ ಕಾಣಿಸಿಕೊಳ್ಳುವುದು ಸುಮಾರು 10-11ನೇ ಶತಮಾನದಲ್ಲಿ, ಪಿಟೀಲು ಈಗಿನ ರೂಪಕ್ಕೆ ಬಂದದ್ದು 16ನೇ ಶತಮಾನದಲ್ಲಿ. ನೀರೋ ನುಡಿಸುತ್ತಿದ್ದದ್ದು ಕಿಥಾರ ಎಂಬ ಮೀಟುವ ತಂತಿವಾದ್ಯ. ಹಾಗಾಗಿ ‘ಪಿಟೀಲು’ ಖಂಡಿತ ಸುಳ್ಳು. ‘ಹಾಡಿದ’ ಎಂಬುದು ಸಂಶಯ. ಎರಡನ್ನೂ ಒಂದೇ ಏಟಿಗೆ ಹೊಡೆದುಹಾಕುವುದು ತಪ್ಪು.

ಮೊದಲ ವಕ್ತಾರ ಕಾಣದ ಮಾತಿನ ಇನ್ನೊಂದು ಗುಣ ಅಲೆಮಾರಿತನ. ‘ಜನರಿಗೆ ರೊಟ್ಟಿ ಇಲ್ಲವೇ? ಕೇಕ್ ತಿನ್ನಲಿ’ ಎಂದು ಫ್ರಾನ್ಸಿನ ರಾಣಿ ಮರಿ ಆಂತ್ವಾನೆತ್ ಹೇಳಿದಳು ಎನ್ನುತ್ತಾರೆ. ತತ್ತ್ವಜ್ಞಾನಿ ರೂಸೋ ತನ್ನ ಆತ್ಮಕಥೆಯಲ್ಲಿ ‘ಒಬ್ಬ ದೊಡ್ಡ ರಾಜಕುಮಾರಿ’ ಹೀಗೆ ಹೇಳಿದ್ದು ನೆನಪಾಯಿತು ಎಂದು ಬರೆದಿದ್ದಾನೆ. ಆಕೆಯ ಹೆಸರಿಲ್ಲ, ಕಾಲವಿಲ್ಲ, ಯಾರಿಂದ ಕೇಳಿದ್ದೆಂದೂ ಇಲ್ಲ. ಆ ಭಾಗ ಬರೆದದ್ದು 1765ರ ಸುಮಾರಿಗೆ. 1755ರಲ್ಲಿ ಹುಟ್ಟಿದ ಮರಿ ಆಂತ್ವಾನೆತ್ ಆಗ ವಿಯೆನ್ನಾದಲ್ಲಿದ್ದ ಹತ್ತು ವರ್ಷದ ಹುಡುಗಿ. ಫ್ರಾನ್ಸಿಗೆ ಕಾಲಿಟ್ಟದ್ದು 1770ರಲ್ಲಿ. ಮಾತಿನಲ್ಲಿದ್ದದ್ದು ಕೇಕ್ ಕೂಡ ಅಲ್ಲ, ಬ್ರಿಯೋಷ್: ಬೆಣ್ಣೆ, ಮೊಟ್ಟೆ ಹಾಕಿ ಮಾಡುವ ಮೆತ್ತನೆಯ ರೊಟ್ಟಿ. ಮುಂದೆ ದೊರೆಯಾದ ಹದಿನೆಂಟನೇ ಲೂಯಿ ತನ್ನ ಮನೆತನದಲ್ಲಿ ಇದೇ ಬಗೆಯ ಮಾತನ್ನು ಹದಿನಾಲ್ಕನೇ ಲೂಯಿಯ ರಾಣಿ ಮರಿಯಾ ತೆರೇಸಾಗೆ ಅಂಟಿಸುತ್ತಿದ್ದರೆಂದು ಬರೆದಿದ್ದಾನೆ. ಅಲ್ಲಿ ಬ್ರಿಯೋಷ್ ಬದಲು ಮಾಂಸದ ಕಡುಬಿನ ಹೊರಪದರವಿದೆ. ಇನ್ನೂ ಹಿಂದೆ, ಏಳನೇ ಶತಮಾನದಲ್ಲಿ ಸಂಕಲನಗೊಂಡ ಚೀನಾದ ಜಿನ್ ವಂಶದ ಇತಿಹಾಸದಲ್ಲಿ, ಅನ್ನವಿಲ್ಲದೆ ಜನ ಸಾಯುತ್ತಿದ್ದಾರೆಂದು ಕೇಳಿದ ಹುಯಿ ಚಕ್ರವರ್ತಿ ‘ಮಾಂಸದ ಗಂಜಿ ಏಕೆ ಉಣ್ಣುವುದಿಲ್ಲ?’ ಎಂದನಂತೆ. ಬಡವರ ಹಸಿವು ತಿಳಿಯದ ಅರಮನೆಯ ಮೇಲಿನ ಸಿಟ್ಟು ಎಲ್ಲ ಕಾಲಕ್ಕೂ ಇರುವುದರಿಂದ, ಈ ಮಾತು ಯಾವ ರಾಜರಾಣಿಯರಿಗಾದರೂ ಸರಾಗವಾಗಿ ಹೊಂದುತ್ತದೆ. ಒಂದೇ ಕಥೆ ಮೂವರ ಹೆಸರಿನಲ್ಲಿ ಸಿಕ್ಕಿದರೆ, ಅದು ಮೂವರಲ್ಲಿ ಒಬ್ಬರದೂ ಅಲ್ಲದಿರುವ ಸಾಧ್ಯತೆಯೇ ಹೆಚ್ಚು.

ಇಲ್ಲಿಯವರೆಗಿನವು ಮೊದಲ ವಕ್ತಾರ ಸಿಗದ ಕಥೆಗಳು. ಸಿಕ್ಕರೆ ಕೆಲಸ ಮುಗಿಯಿತೇ? ಇಲ್ಲ. ಇದಕ್ಕೆ ವಿಲಿಯಂ ಸ್ಟಕ್ಲಿ ಎಂಬ ಇಂಗ್ಲಿಷ್ ವಿದ್ವಾಂಸನಿಗಿಂತ ಒಳ್ಳೆಯ ನಿದರ್ಶನ ನನಗೆ ತೋಚುವುದಿಲ್ಲ. ಜಗತ್ಪ್ರಸಿದ್ಧವಾದ ಎರಡು ಕಥೆಗಳ ಸರಪಳಿ ಈ ಒಬ್ಬನೇ ಮನುಷ್ಯನ ಬಳಿ ಹೋಗಿ ತಲುಪುತ್ತದೆ.

ಒಂದು, ಚೀನಾದ ಮಹಾಗೋಡೆ ಚಂದ್ರನಿಂದ ಕಾಣುತ್ತದೆ ಎಂಬುದು. 1754ರ ಒಂದು ಪತ್ರದಲ್ಲಿ ಬ್ರಿಟನ್ನಿನ ಹೇಡ್ರಿಯನ್ ಗೋಡೆಯನ್ನು ಹೊಗಳುತ್ತ ಸ್ಟಕ್ಲಿ, ಇದನ್ನು ಮೀರಿಸುವುದು ಚೀನಾದ ಗೋಡೆ ಮಾತ್ರ, ಅದು ಚಂದ್ರನಿಂದಲೂ ಕಂಡೀತು ಎಂದು ಬರೆದ. ಮನುಷ್ಯ ಚಂದ್ರನ ಮೇಲೆ ಕಾಲಿಡಲು ಇನ್ನೂ 215 ವರ್ಷ ಬಾಕಿಯಿತ್ತು. ಲೆಕ್ಕ ಹಾಕಿ ನೋಡಿ. ಒಳ್ಳೆಯ ಕಣ್ಣು ಬಿಡಿಸಿ ನೋಡಬಲ್ಲ ಅತಿ ಚಿಕ್ಕ ಕೋನ ಒಂದು ಡಿಗ್ರಿಯ ಅರವತ್ತನೇ ಒಂದು ಭಾಗ. ಅಂದರೆ ವಸ್ತುವಿನ ಅಗಲ ಅದರ ದೂರದ ಸುಮಾರು 3,400ನೇ ಒಂದು ಭಾಗವಾದರೂ ಇರಬೇಕು. ಚಂದ್ರನ ದೂರ 3,84,000 ಕಿ.ಮೀ.; ಹಾಗಾಗಿ ಬೇಕಾದ ಅಗಲ ಸುಮಾರು 110 ಕಿ.ಮೀ. ಗೋಡೆಯ ಅಗಲ ಕೆಲವೇ ಮೀಟರು. ಉದ್ದ ಸಾವಿರಾರು ಕಿ.ಮೀ. ಇದ್ದೂ ಪ್ರಯೋಜನವಿಲ್ಲ, ಇಪ್ಪತ್ತು ಅಡಿ ಉದ್ದದ ಕೂದಲೆಳೆಯನ್ನೂ ಮೈದಾನದ ಆಚೆಯಿಂದ ನೋಡಲಾಗುವುದಿಲ್ಲ. 400 ಕಿ.ಮೀ. ಎತ್ತರದ ಬಾಹ್ಯಾಕಾಶ ನಿಲ್ದಾಣದಿಂದಲೂ ಇದೇ ಲೆಕ್ಕಕ್ಕೆ ಸುಮಾರು 115 ಮೀಟರ್ ಅಗಲ ಬೇಕು. ಹಿನ್ನೆಲೆಗಿಂತ ತೀರ ಬೇರೆ ಬಣ್ಣದ ತೆಳುಗೆರೆ ಇದಕ್ಕಿಂತ ಕಿರಿದಾಗಿದ್ದರೂ ಕಂಡೀತು, ನಿಜ; ಆದರೆ ಗೋಡೆ ಕಟ್ಟಿರುವುದು ಆಯಾ ನೆಲದ ಮಣ್ಣು, ಕಲ್ಲಿನಿಂದಲೇ. 2003ರಲ್ಲಿ ಭೂಮಿಯನ್ನು ಸುತ್ತಿ ಬಂದ ಚೀನಾದ ಮೊದಲ ಗಗನಯಾನಿ ಯಾಂಗ್ ಲಿವೈ ತನಗೆ ಗೋಡೆ ಕಾಣಲಿಲ್ಲ ಎಂದೇ ಹೇಳಿದರು.

ಎರಡನೆಯದು ನ್ಯೂಟನ್ನನ ಸೇಬು. 1726ರ ಏಪ್ರಿಲ್ 15ರಂದು ಊಟವಾದ ಮೇಲೆ ನ್ಯೂಟನ್ ಮತ್ತು ಸ್ಟಕ್ಲಿ ಇಬ್ಬರೇ ತೋಟದ ಸೇಬಿನ ಮರಗಳ ನೆರಳಲ್ಲಿ ಚಹಾ ಕುಡಿಯುತ್ತ ಕುಳಿತಿದ್ದರು. ಹಿಂದೆ ಗುರುತ್ವದ ಯೋಚನೆ ಹೊಳೆದಾಗಲೂ ತಾನು ಹೀಗೆಯೇ ಕುಳಿತಿದ್ದೆ, ಸೇಬೊಂದು ಬಿದ್ದದ್ದೇ ಅದಕ್ಕೆ ನಿಮಿತ್ತ, ಅದು ಅಡ್ಡಕ್ಕೋ ಮೇಲಕ್ಕೋ ಹೋಗದೆ ಯಾವಾಗಲೂ ನೇರ ನೆಲಕ್ಕೇ ಏಕೆ ಬೀಳಬೇಕು ಎಂದು ಯೋಚಿಸಿದೆ ಎಂದು ನ್ಯೂಟನ್ ಹೇಳಿದ. ಇದನ್ನು ಸ್ಟಕ್ಲಿ 1752ರ ಸುಮಾರಿಗೆ ತಾನು ಬರೆದ ನ್ಯೂಟನ್ ಚರಿತ್ರೆಯಲ್ಲಿ ದಾಖಲಿಸಿದ.

ಮನುಷ್ಯ ಒಬ್ಬನೇ, ಎರಡು ಬರಹಗಳ ನಡುವಿನ ಅಂತರ ಎರಡೋ ಮೂರೋ ವರ್ಷ. ಸೇಬಿನ ವಿಷಯದಲ್ಲಿ ಆತ ಆಪ್ತ, ಗೋಡೆಯ ವಿಷಯದಲ್ಲಿ ಅಲ್ಲ. ಒಂದನ್ನು ಮಾತಾಡಿದವನ ಬಾಯಿಂದಲೇ ಕೇಳಿದ್ದ. ಇನ್ನೊಂದನ್ನು ಯಾರೂ ತಿಳಿದಿರಲು ಸಾಧ್ಯವೇ ಇರಲಿಲ್ಲ. ಆಪ್ತತನ ವ್ಯಕ್ತಿಗೆ ಕೊಡುವ ಶಾಶ್ವತ ಬಿರುದಲ್ಲ, ಒಂದೊಂದು ಮಾತಿಗೂ ಬೇರೆ ಬೇರೆಯಾಗಿ ಅಳೆಯಬೇಕಾದದ್ದು. ‘ಇಂಥ ದೊಡ್ಡವರೇ ಹೇಳಿದ್ದಾರೆ’ ಎನ್ನುವ ಕಡೆಯಲ್ಲೆಲ್ಲ ನಾವು ಎಡವುವುದು ಇದನ್ನು ಮರೆತಾಗ.

ಹಾಗಾದರೆ ಪರೀಕ್ಷೆ ಹೇಗೆ? ಮೊದಲು ಕಥೆಯನ್ನು ಒಡೆದು, ಒಂದೊಂದು ಸಂಗತಿಯನ್ನೂ ಒಂದೊಂದು ವಾಕ್ಯವಾಗಿ ಬರೆದುಕೊಳ್ಳಿ. ಸೇಬು ಬಿತ್ತು, ತಲೆಯ ಮೇಲೆ ಬಿತ್ತು, ಆ ಕ್ಷಣವೇ ನಿಯಮ ಹೊಳೆಯಿತು. ಇವು ಮೂರು ಬೇರೆ ಹೇಳಿಕೆಗಳು, ಮೂರರ ಹಣೆಬರಹವೂ ಬೇರೆ. ಆಮೇಲೆ ಎರಡು ಇಸವಿಗಳನ್ನು ಹುಡುಕಿ: ಘಟನೆ ನಡೆದದ್ದು, ಮತ್ತು ಅದು ಮೊದಲು ಬರಹಕ್ಕೆ ಬಂದದ್ದು. ಕೋಲಂಬಸ್ ಹೊರಟದ್ದು 1492ರಲ್ಲಿ. ಭೂಮಿ ಚಪ್ಪಟೆ ಎಂದು ವಾದಿಸಿದ ಪಂಡಿತರನ್ನು ಆತ ಎದುರಿಸಿದ ಎಂಬ ಚಿತ್ರ ಮನೆಮಾತಾದದ್ದು 1828ರಲ್ಲಿ ಅಮೆರಿಕದ ಲೇಖಕ ವಾಷಿಂಗ್ಟನ್ ಇರ್ವಿಂಗ್ ಬರೆದ ಚರಿತ್ರೆಯಿಂದ. ನಡುವೆ ಮುನ್ನೂರು ವರ್ಷಗಳಿಗೂ ಮೀರಿದ ಕಂದಕ. ಆ ಕಂದಕದ ಹಿಂದಿನ ಕಾಲದ ಬರಹಗಳು ಏನನ್ನುತ್ತವೆ? 13ನೇ ಶತಮಾನದ ಸ್ಯಾಕ್ರೊಬಾಸ್ಕೊನ ಪಠ್ಯ ಯೂರೋಪಿನ ವಿಶ್ವವಿದ್ಯಾಲಯಗಳಲ್ಲಿ ಭೂಮಿ ಗೋಳವೆಂದೇ ಕಲಿಸುತ್ತಿತ್ತು. ಪಂಡಿತರ ತಕರಾರು ಗಾತ್ರದ ಬಗ್ಗೆ. ಕೆನರಿ ದ್ವೀಪಗಳಿಂದ ಜಪಾನಿಗೆ 4,500 ಕಿ.ಮೀ.ಯೊಳಗೆ ದಾರಿ ಎಂದು ಕೋಲಂಬಸ್ ಎಣಿಸಿದ್ದ. ನಿಜವಾದ ದೂರ ಅದರ ನಾಲ್ಕು ಪಟ್ಟಿಗೂ ಹೆಚ್ಚು. ಲೆಕ್ಕದಲ್ಲಿ ಸರಿಯಿದ್ದವರು ಪಂಡಿತರೇ. ನಡುವೆ ಅಮೆರಿಕ ಅಡ್ಡಬಂದದ್ದರಿಂದ ಕೋಲಂಬಸ್ ಬದುಕಿದ.

ಬರಿಯ ಬರಹವಲ್ಲ, ವಸ್ತುಗಳನ್ನೂ ಕೇಳಬೇಕು. ಉತ್ತರ ಯೂರೋಪಿನ ಹಳೆಯ ಕಡಲಯೋಧರಾದ ವೈಕಿಂಗರ ಕೊಂಬಿನ ಶಿರಸ್ತ್ರಾಣ ಜನಪ್ರಿಯವಾದದ್ದು 1876ರಲ್ಲಿ ಜರ್ಮನ್ ಸಂಗೀತಕಾರ ವಾಗ್ನರನ ಸಂಗೀತ ನಾಟಕಕ್ಕೆ ಕಾರ್ಲ್ ಎಮಿಲ್ ಡೋಪ್ಲರ್ ವಿನ್ಯಾಸ ಮಾಡಿದ ವೇಷಗಳಿಂದ. 1943ರಲ್ಲಿ ನಾರ್ವೆಯ ಯೆರ್ಮುಂಡ್‌ಬು ಎಂಬಲ್ಲಿ ಸಿಕ್ಕ ನಿಜವಾದ ವೈಕಿಂಗ್ ಶಿರಸ್ತ್ರಾಣಕ್ಕೆ ಕೊಂಬಿಲ್ಲ. ಡೆನ್ಮಾರ್ಕಿನಲ್ಲಿ ಕೊಂಬಿರುವವು ಸಿಕ್ಕಿವೆ, ಆದರೆ ಅವು ಕಂಚಿನ ಯುಗದವು. ವೈಕಿಂಗರಿಗಿಂತ ಸಾವಿರದೈನೂರು ವರ್ಷಗಳಿಗೂ ಹಿಂದಿನವು.

ಅಳತೆಯ ಮಾನ ನೋಡದೆ ಮೋಸಹೋಗುವುದೂ ಉಂಟು. ನೆಪೋಲಿಯನ್ನನ ಎತ್ತರ 5 ಅಡಿ 2 ಅಂಗುಲ ಎಂಬುದು ಫ್ರೆಂಚ್ ಅಳತೆ. ಆಗಿನ ಫ್ರೆಂಚ್ ಅಡಿ 32.48 ಸೆಂ.ಮೀ., ಇಂಗ್ಲಿಷ್ ಅಡಿ 30.48. ಗುಣಿಸಿದರೆ ಸುಮಾರು 168 ಸೆಂ.ಮೀ. ಬರುತ್ತದೆ, ಆ ಕಾಲಕ್ಕೆ ಕುಳ್ಳನೇನಲ್ಲ. ಇಂಗ್ಲಿಷ್ ಅಳತೆಯೆಂದು ಓದಿದರೆ ಹತ್ತು ಸೆಂ.ಮೀ. ಕಡಿಮೆಯಾಗುತ್ತದೆ. ಲಂಡನ್ನಿನ ವ್ಯಂಗ್ಯಚಿತ್ರಗಳು ಅವನನ್ನು ಆಗಲೇ ಕುಬ್ಜನಾಗಿಸಿದ್ದವು.

ದಾಖಲೆಯ ಮೌನವನ್ನು ಬಳಸುವಾಗಲೂ ಎಚ್ಚರ ಬೇಕು. ‘ಆ ಕಾಲದವರು ಯಾರೂ ಬರೆದಿಲ್ಲ, ಆದ್ದರಿಂದ ಸುಳ್ಳು’ ಎನ್ನಲು, ನಡೆದಿದ್ದರೆ ಅವರು ಖಂಡಿತ ಬರೆಯುತ್ತಿದ್ದರು ಎಂದು ಮೊದಲು ತೋರಿಸಬೇಕು. ಕ್ರಾಂತಿಯ ಕಾಲದಲ್ಲಿ ಮರಿ ಆಂತ್ವಾನೆತ್ ವಿರುದ್ಧ ಅಸಂಖ್ಯ ಕರಪತ್ರಗಳು ಅಚ್ಚಾದವು. ಕೈಗೆ ಸಿಕ್ಕ ಆರೋಪವನ್ನೆಲ್ಲ ಎಸೆದ ಅವುಗಳಲ್ಲಿ ಬ್ರಿಯೋಷ್ ಮಾತು ಕಾಣದಿರುವುದು ತೂಕವಿರುವ ಮೌನ. ಇಡೀ ಶತಮಾನಕ್ಕೆ ನಾಲ್ಕೇ ದಾಖಲೆ ಉಳಿದಿರುವ ನಾಡಿನ ಮೌನಕ್ಕೆ ಆ ತೂಕವಿಲ್ಲ.

ಕೊನೆಯ ಅಪಾಯ ಮಿಥ್ಯೆ ಬಯಲು ಮಾಡುವವರ ಕಡೆಯಿಂದಲೇ ಬರುತ್ತದೆ. ‘ಸೇಬಿನ ಕಥೆ ಬರೀ ಕಟ್ಟುಕಥೆಯಂತೆ’ ಎಂಬುದೂ ಈಗ ಬಾಯಿಂದ ಬಾಯಿಗೆ ಸಾಗುವ ಮಾತಾಗಿದೆ. ಹೇಳಿದವರು ಯಾರೆಂದು ಅದಕ್ಕೂ ವಿಳಾಸವಿಲ್ಲ. ತಲೆಯ ಮೇಲೆ ಬಿತ್ತೆಂಬುದು ಸ್ಟಕ್ಲಿಯಲ್ಲಿ ಇಲ್ಲ. ಅರವತ್ತು ವರ್ಷಗಳ ಹಿಂದಿನದನ್ನು ನ್ಯೂಟನ್ 83ನೇ ವಯಸ್ಸಿನಲ್ಲಿ ನೆನೆದು ಹೇಳಿದ ಮಾತು ಅದು ಎಂಬುದನ್ನೂ ಮರೆಯುವಂತಿಲ್ಲ. ಪೂರ್ಣ ಸಿದ್ಧಾಂತ ಅಚ್ಚಾಗಲು 1687ರವರೆಗೆ ಕಾಯಬೇಕಾಯಿತು. ಆದರೆ ನ್ಯೂಟನ್ ಹೀಗೆ ಹೇಳಿದ ಎಂಬುದು ಐತಿಹ್ಯವಲ್ಲ. ಸ್ಟಕ್ಲಿಯ ಕೈಬರಹದ ಪ್ರತಿ ಲಂಡನ್ನಿನ ರಾಯಲ್ ಸೊಸೈಟಿಯಲ್ಲಿದೆ. 2010ರಿಂದ ಅದರ ಪುಟಗಳನ್ನು ಅಂತರಜಾಲದಲ್ಲಿ ಯಾರು ಬೇಕಾದರೂ ತೆರೆದು ಓದಬಹುದು.