ಗಾಳಿ ಅಳೆದರೆ ಸಾಲದು, ರಕ್ತವನ್ನೂ ನೋಡಬೇಕು

ಸೀಸ ಕರಗಿಸುವ ಕಡೆ ಇಬ್ಬರು ಅಕ್ಕಪಕ್ಕ ಕೆಲಸ ಮಾಡುತ್ತಾರೆ ಅಂದುಕೊಳ್ಳಿ. ಉಸಿರಾಡುವ ಗಾಳಿ ಒಂದೇ. ಆದರೆ ಒಬ್ಬರು ಭಾರ ಹೊರುವವರು, ಏದುಸಿರು ಬಿಡುತ್ತಾ ಜಾಸ್ತಿ ಗಾಳಿ ಎಳೆದುಕೊಳ್ಳುತ್ತಾರೆ. ಇನ್ನೊಬ್ಬರು ಕೈ ಸರಿಯಾಗಿ ತೊಳೆಯದೆ ಊಟಕ್ಕೆ ಕೂರುತ್ತಾರೆ. ಗಾಳಿ ಅಳೆಯುವ ಉಪಕರಣಕ್ಕೆ ಈ ವ್ಯತ್ಯಾಸ ಪೂರ್ತಿ ತಿಳಿಯುವುದಿಲ್ಲ. ರಕ್ತದಲ್ಲಿ ಗೊತ್ತಾಗುತ್ತದೆ.

ಕಾರ್ಮಿಕರ ರಕ್ತ, ಮೂತ್ರ ಪರೀಕ್ಷಿಸಿ ವಿಷ ಎಷ್ಟು ಒಳಹೊಕ್ಕಿದೆ ಎಂದು ನೋಡುವುದೇ ಜೈವಿಕ ನಿಗಾ. ಸೀಸದ ಕಥೆಯಲ್ಲಿ ಇದರ ಏಳುಬೀಳು ಚೆನ್ನಾಗಿ ಕಾಣುತ್ತದೆ. ಕಳೆದ ಶತಮಾನದ ಮಧ್ಯದಲ್ಲಿ, 100 ಮಿಲಿಲೀಟರ್ ರಕ್ತದಲ್ಲಿ 80 ಮೈಕ್ರೋಗ್ರಾಂವರೆಗೆ ಸೀಸವಿದ್ದರೂ ಭಯವಿಲ್ಲ ಎಂಬ ಮಾತು ನಡೆಯುತ್ತಿತ್ತು. ಆ ಮಾತಿಗೆ ಬಲ ತುಂಬಿದವರು ಅಮೆರಿಕದ ವಿಷವಿಜ್ಞಾನಿ ರಾಬರ್ಟ್ ಕೆಹೋ. ಅವರ ಸಂಶೋಧನೆಗೆ ಹಣ ಬರುತ್ತಿದ್ದದ್ದು ಸೀಸ ಬೆರೆಸಿದ ಪೆಟ್ರೋಲ್ ಉದ್ಯಮದಿಂದ. ಇದನ್ನು ಮರೆಯಬಾರದು.

1978ರಲ್ಲಿ ಅಮೆರಿಕ ಹೊಸ ನಿಯಮ ತಂದಿತು. ಒಂದು ಘನ ಮೀಟರ್ ಗಾಳಿಯಲ್ಲಿ 50 ಮೈಕ್ರೋಗ್ರಾಂ ಮಿತಿ. ಜೊತೆಗೆ, ರಕ್ತದಲ್ಲಿ ಸೀಸ ಜಾಸ್ತಿಯಾದವರನ್ನು ಆ ಕೆಲಸದಿಂದ ದೂರ ಇಡಬೇಕು. ನನಗೆ ಮುಖ್ಯ ಅನ್ನಿಸುವುದು ಮುಂದಿನ ಸಾಲು: ಹಾಗೆ ದೂರ ಇಟ್ಟಾಗ 18 ತಿಂಗಳವರೆಗೆ ಅವರ ಸಂಬಳ, ಹಿರಿತನ ಕಡಿಮೆ ಮಾಡುವಂತಿಲ್ಲ. ಈ ಭರವಸೆ ಇಲ್ಲದಿದ್ದರೆ ಹೊಟ್ಟೆಪಾಡಿಗೆ ಹೆದರಿ ಯಾರು ರಕ್ತ ಕೊಡುತ್ತಾರೆ, ಅಲ್ವಾ?

ಬೆಂಜೀನ್ ಎಂಬ ರಾಸಾಯನಿಕದ್ದು ಬೇರೆಯೇ ತೊಡಕು. ಮೊದಲು ಪಾಳಿ ಮುಗಿದ ಮೇಲೆ ಮೂತ್ರದಲ್ಲಿ, ಬೆಂಜೀನ್ ದೇಹದಲ್ಲಿ ಒಡೆದು ಬರುವ ಫೀನಾಲ್ ಎಷ್ಟಿದೆ ಎಂದು ನೋಡುತ್ತಿದ್ದರು. ಗಾಳಿಯಲ್ಲಿನ ಮಿತಿ 1987ರಲ್ಲಿ ಅಮೆರಿಕದಲ್ಲಿ 10ರಿಂದ 1 ಪಿಪಿಎಂಗೆ (ಗಾಳಿಯ ಹತ್ತು ಲಕ್ಷ ಭಾಗಕ್ಕೆ ಒಂದು ಭಾಗ) ಇಳಿಯಿತು. ಅಷ್ಟು ಕಡಿಮೆ ಮಟ್ಟದಲ್ಲಿ ಫೀನಾಲ್ ಬೆಂಜೀನ್‌ನಿಂದ ಬಂತೋ, ತಿಂದ ಆಹಾರದಿಂದ ಬಂತೋ ಹೇಳಲಾಗದು. ಹಾಗಾಗಿ ಬೆಂಜೀನ್ ಒಡೆದು ಬರುವ ಬೇರೆ ಆಮ್ಲಗಳನ್ನು ಹುಡುಕಬೇಕಾಯಿತು. ಮಿತಿ ಇಳಿಸಬೇಕೆಂದರೆ ಪರೀಕ್ಷೆಯೂ ಸೂಕ್ಷ್ಮವಾಗಬೇಕು.

ಯುರೋಪಿಯನ್ ಒಕ್ಕೂಟದಲ್ಲಿ ಸೀಸದ ರಕ್ತಮಿತಿ ಬಹಳ ಕಾಲ 100 ಮಿಲಿಲೀಟರ್‌ಗೆ 70 ಮೈಕ್ರೋಗ್ರಾಂನಲ್ಲೇ ನಿಂತಿತ್ತು. 2024ರ ನಿರ್ದೇಶನ ಅದನ್ನು 15ಕ್ಕೆ ತಂದಿದೆ. ಆದರೆ 2028ರ ಕೊನೆಯವರೆಗೆ 30 ನಡೆಯುತ್ತದೆ. ಈ ಕಾಲಾವಕಾಶದ ಹಿಂದೆ ಮೂಳೆಯ ಲೆಕ್ಕವೂ ಇದೆ. ರಕ್ತದಲ್ಲಿನ ಸೀಸ ಸುಮಾರು ಒಂದು ತಿಂಗಳಲ್ಲಿ ಅರ್ಧಕ್ಕೆ ಇಳಿಯುತ್ತದೆ. ಮೂಳೆಯಲ್ಲಿ ಕೂತದ್ದು ಹತ್ತಾರು ವರ್ಷ ಉಳಿದು, ಚೂರುಚೂರೇ ರಕ್ತಕ್ಕೆ ಇಳಿಯುತ್ತಿರುತ್ತದೆ. ಹಳೆಯ ಕೆಲಸಗಾರರು ಇವತ್ತು ಶುದ್ಧ ಗಾಳಿಯಲ್ಲಿ ನಿಂತರೂ ಅವರ ರಕ್ತ ಹಳೆಯ ಮಿತಿಗಳ ಕಾಲದ ಸೀಸವನ್ನೇ ತೋರಿಸುತ್ತಿರುತ್ತದೆ.